ಮಾಂಟ್‌ಪೀಲಿಯರ್: ಮಹಡಿಯಲ್ಲಿ ಪುಸ್ತಕ, ನೆಲಮಾಳಿಗೆಯಲ್ಲಿ ಇಟ್ಟಿಗೆ

ವರ್ಜೀನಿಯಾಕ್ಕೆ ಹೊರಟವರಿಗೆ ಮಾಂಟಿಚೆಲ್ಲೊ ನೋಡಿ ಬನ್ನಿ ಎನ್ನುವವರೇ ಎಲ್ಲ. ನಾವೂ ನೋಡಿದೆವು. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾನೇ ನಕ್ಷೆ ಬರೆದು ಬೆಟ್ಟದ ಮೇಲೆ ಕಟ್ಟಿಸಿದ ಗುಮ್ಮಟದ ಮನೆ. ನಡುಮನೆಯಲ್ಲಿ ಬೇಕನ್, ನ್ಯೂಟನ್, ಲಾಕ್ ಮೂವರ ಚಿತ್ರಗಳು. ನಮ್ಮ ಮನೆಗಳಲ್ಲಿ ದೇವರ ಪಟ ಇರುವ ಹಾಗೆ ಆತ ಇವರನ್ನು ಇಟ್ಟುಕೊಂಡಿದ್ದ. ಮನೆ ಚೆಂದವೇ. ಆದರೆ ತಿರುಗುವ ಪುಸ್ತಕಪೀಠ, ಒಂದೇ ಕೈಬರಹಕ್ಕೆ ಎರಡು ಪ್ರತಿ ತೆಗೆಯುವ ಯಂತ್ರ, ಇಂಥವುಗಳ ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ನನ್ನ ಮನಸ್ಸಿದ್ದದ್ದು ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿರುವ, ಅಷ್ಟು ಜನ ಹೋಗದ ಇನ್ನೊಂದು ಮನೆಯ ಮೇಲೆ: ಅಮೆರಿಕದ ಸಂವಿಧಾನದ ಪಿತಾಮಹ ಎನ್ನಿಸಿಕೊಂಡ ಜೇಮ್ಸ್ ಮ್ಯಾಡಿಸನ್ ಬಾಳಿದ ಮಾಂಟ್‌ಪೀಲಿಯರ್. ಮಂಗಳೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡಿ ಕೂದಲು ಬೆಳ್ಳಗಾದವನಿಗೆ ಇದು ತೀರ್ಥಯಾತ್ರೆಯಲ್ಲದೆ ಇನ್ನೇನು?

ಮಗಳ ಕಾರು ಗ್ಯಾರೇಜಿನಲ್ಲಿದ್ದುದರಿಂದ ಬಾಡಿಗೆ ಕಾರು ತೆಗೆದುಕೊಂಡೆವು. ಫೇರ್‌ಫ್ಯಾಕ್ಸಿನಿಂದ ಪಶ್ಚಿಮಕ್ಕೆ ಹೋಗುವ ಐ-66 ಹೆದ್ದಾರಿಯಲ್ಲಿ ಟೋಲ್ ಇರುವ ಎಕ್ಸ್‌ಪ್ರೆಸ್ ಲೇನ್‌ಗಳಿವೆ. ಅದರಲ್ಲಿ ಒಮ್ಮೆ ಹೋದದ್ದಕ್ಕೆ ಟೋಲ್ ಹಣ ಕಟ್ಟಬೇಕು, ಸರಿ. ಆದರೆ ಬಾಡಿಗೆ ಕಂಪನಿ, ಕಾರು ನಮ್ಮ ಬಳಿ ಇದ್ದ ಅಷ್ಟೂ ದಿನಕ್ಕೆ 'ಸೇವಾ ಶುಲ್ಕ' ಎಂದು ದಿನಲೆಕ್ಕದಲ್ಲಿ ಎಳೆಯಿತು. ಕಾರು ಮನೆಮುಂದೆ ಸುಮ್ಮನೆ ನಿಂತ ದಿನಕ್ಕೂ! ಕರಾರಿನ ಹಿಂಬದಿಯ ಸಣ್ಣಕ್ಷರದಲ್ಲಿ ಅದು ಇತ್ತಂತೆ. ಕಾರು ಪಡೆಯುವಾಗಲೇ ಆ ಟೋಲ್ ಸಲಕರಣೆ ಬೇಡವೆಂದು ಬರೆಸಿಕೊಳ್ಳಿ, ಇಲ್ಲವೇ ಮಾಮೂಲಿ ಲೇನಿನಲ್ಲೇ ಹೋಗಿ. ಕಲ್ಪೆಪರ್ ದಾಟಿ ಆರೆಂಜ್ ಎಂಬ ಸಣ್ಣ ಊರು ಬಂದ ಮೇಲೆ ಅಂಥ ರಗಳೆಯಿಲ್ಲ. ಅಲ್ಲಿಂದ ಮುಂದಿನ ರಸ್ತೆಯ ಹೆಸರೇ ಕಾನ್‌ಸ್ಟಿಟ್ಯೂಷನ್ ಹೈವೇ.

ಮನೆಯನ್ನು ಕಳೆದ ಶತಮಾನದಲ್ಲಿ ಡುಪಾಂಟ್ ಕುಟುಂಬದವರು ವಿಪರೀತ ಹಿಗ್ಗಿಸಿದ್ದರು. 2003ರಿಂದ 2008ರವರೆಗೆ ಆ ಸೇರ್ಪಡೆಗಳನ್ನೆಲ್ಲ ಕಳಚಿ ಮ್ಯಾಡಿಸನ್ ಕಾಲದ ಆಕಾರಕ್ಕೆ ತಂದಿದ್ದಾರೆ. ಕೆಳಗಿನ ಕೋಣೆಗಳನ್ನು ನಾನು ಅವಸರದಲ್ಲೇ ನೋಡಿದೆ. ಮಹಡಿಯ ಗ್ರಂಥಾಲಯಕ್ಕೆ ಬಂದಾಗ ಮಾತ್ರ ಕಾಲು ಕೀಳಲಾಗಲಿಲ್ಲ. ಕಿಟಕಿಯಾಚೆ ಬ್ಲೂ ರಿಡ್ಜ್ ಬೆಟ್ಟಸಾಲು. 1786ರ ಸುಮಾರಿಗೆ, ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್ ಪೆಟ್ಟಿಗೆಯಲ್ಲಿ ಕಳಿಸಿದ ಪುಸ್ತಕಗಳನ್ನು ಹರಡಿಕೊಂಡು ಮ್ಯಾಡಿಸನ್ ಓದಿದ್ದು ಇಲ್ಲಿ. ಓದಿದ್ದಾದರೂ ಏನು? ಕುಸಿದುಬಿದ್ದ, ಕುಂಟುತ್ತಿದ್ದ ಒಕ್ಕೂಟಗಳ ಚರಿತ್ರೆ. ಪ್ರಾಚೀನ ಕಾಲದ ಲಿಸಿಯಾ, ಗ್ರೀಸಿನ ಅಕೀಯನ್ ಕೂಟ, ಪವಿತ್ರ ರೋಮನ್ ಸಾಮ್ರಾಜ್ಯ, ಸ್ವಿಟ್ಜರ್ಲೆಂಡ್, ಡಚ್ಚರ ಪ್ರಾಂತಗಳು. ಒಂದೊಂದಕ್ಕೂ ಟಿಪ್ಪಣಿ ಮಾಡಿ, ಹೆಚ್ಚಿನವುಗಳ ಕೊನೆಗೆ ಅವುಗಳ ದೋಷಗಳನ್ನು ಬರೆದ. ಮೂವತ್ತೈದರ ಗಂಡಸು, ಹೊಸ ದೇಶ ಕಟ್ಟುವ ಉತ್ಸಾಹದಲ್ಲಿ, ಕೂತು ಮರಣೋತ್ತರ ಪರೀಕ್ಷೆಯ ವರದಿಗಳನ್ನು ತಯಾರಿಸುತ್ತಿದ್ದ. ಹದಿನೆಂಟನೇ ಶತಮಾನದ ಯುರೋಪಿನ ಜ್ಞಾನೋದಯ ಯುಗವೆಂದರೆ ಮನುಷ್ಯನ ಮೇಲೆ ಅಪಾರ ಭರವಸೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಕಂಡದ್ದು ಪಕ್ಕಾ ಅಪನಂಬಿಕೆ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂದು ಆತ ಮುಂದೆ ಬರೆದದ್ದರ ಬೇರು ಈ ಕೋಣೆಯಲ್ಲೇ ಇದೆ.

ನಮ್ಮ ಗೈಡ್ ವಯಸ್ಸಾದ ಹೆಂಗಸು, ನಿವೃತ್ತ ಶಿಕ್ಷಕಿ. ಮಾತು ಕಡಿಮೆ, ತೂಕ ಜಾಸ್ತಿ. ಅವರು ಹೇಳಿದರು: ಗಣರಾಜ್ಯ ಸಣ್ಣ ಸೀಮೆಯಲ್ಲಷ್ಟೇ ಉಳಿದೀತು ಎಂದು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಬರೆದಿದ್ದ, ಎಲ್ಲರೂ ಅದನ್ನೇ ಹಿಡಿದು ಕೂತಿದ್ದರು. ಮ್ಯಾಡಿಸನ್ ಅಧಿಕಾರ ವಿಭಜನೆಯನ್ನು ಅವನಿಂದ ತೆಗೆದುಕೊಂಡ, ಇದನ್ನು ಮಾತ್ರ ತಲೆಕೆಳಗು ಮಾಡಿದ. ದೇಶ ದೊಡ್ಡದಾದಷ್ಟೂ ಪಂಗಡಗಳು ಹೆಚ್ಚು, ಯಾವ ಒಂದು ಪಂಗಡಕ್ಕೂ ಉಳಿದವರನ್ನು ತುಳಿಯುವಷ್ಟು ಬಲ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1752ರ ಒಂದು ಪ್ರಬಂಧದಲ್ಲಿ ಈ ದಿಕ್ಕಿನಲ್ಲೇ ಯೋಚಿಸಿದ್ದ.

ಆಮೇಲೆ ನೆಲಮಾಳಿಗೆ. ಇಲ್ಲಿ ಗೈಡ್ ಬೇಕಿಲ್ಲ, ನಾವೇ ನೋಡಬಹುದು. 2017ರಿಂದ ಇಲ್ಲೊಂದು ಪ್ರದರ್ಶನವಿದೆ, ಈ ತೋಟದಲ್ಲಿ ಗುಲಾಮರಾಗಿದ್ದವರ ಬಗ್ಗೆ. ಮ್ಯಾಡಿಸನ್ ಕುಟುಂಬದ ತಲೆಮಾರುಗಳುದ್ದಕ್ಕೂ ಇಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಗುಲಾಮರಾಗಿ ದುಡಿದರು. ಇಟ್ಟಿಗೆ ತಟ್ಟಿದವರಲ್ಲಿ ಮಕ್ಕಳೂ ಇದ್ದರು. ಹಸಿಮಣ್ಣಿನಲ್ಲಿ ಒತ್ತಿದ ಬೆರಳಿನ ಗುರುತು ಸುಟ್ಟ ಮೇಲೂ ಉಳಿದಿದೆ. 'ಬರೀ ಬಣ್ಣದ ಭೇದ' ಎಂಬ ಪ್ರದರ್ಶನದ ಹೆಸರನ್ನು ತೆಗೆದುಕೊಂಡಿರುವುದು ಮ್ಯಾಡಿಸನ್‌ನದೇ ಮಾತಿನಿಂದ. 1787ರ ಜೂನ್ 6ರಂದು ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ಆತ ಹೇಳಿದ್ದ: ಅತ್ಯಂತ ಜ್ಞಾನೋದಯವಾದ ಈ ಕಾಲದಲ್ಲೇ ಬರೀ ಬಣ್ಣದ ಭೇದವೊಂದೇ ಮನುಷ್ಯ ಮನುಷ್ಯನ ಮೇಲೆ ನಡೆಸಿದ ಅತಿ ಕ್ರೂರ ದಬ್ಬಾಳಿಕೆಗೆ ಆಧಾರವಾಗಿದ್ದನ್ನು ನಾವು ಕಂಡಿದ್ದೇವೆ.

ಓದಿ ನನಗೆ ತಲೆ ಕೆಟ್ಟಿತು. ಗೊತ್ತಿಲ್ಲದೆ ಮಾಡಿದ್ದಲ್ಲ ಅಂದಹಾಗಾಯಿತು. ಹೊರಗೆ ಬೆಂಚಿನ ಮೇಲೆ ಅದೇ ಗೈಡ್ ಮುಂದಿನ ತಂಡಕ್ಕೆ ಕಾಯುತ್ತ ಕೂತಿದ್ದರು. ಇಷ್ಟು ಗೊತ್ತಿದ್ದವನು ಸುಮ್ಮನೆ ಹೇಗಿದ್ದ ಎಂದು ಕೇಳಿದೆ.

"ಆ ಭಾಷಣದ ಹಿಂದುಮುಂದು ಓದಿ ನೋಡಿ," ಎಂದರು. "ಅವನು ಗುಲಾಮಗಿರಿ ತೆಗೆಯಿರಿ ಎನ್ನುತ್ತಿಲ್ಲ. ಸಣ್ಣ ರಾಜ್ಯಗಳಲ್ಲಿ ಬಹುಮತ ಹೇಗೆ ಅಲ್ಪಮತವನ್ನು ತುಳಿಯುತ್ತದೆ ಎಂದು ತೋರಿಸುತ್ತಿದ್ದಾನೆ. ಇದು ಅವನ ಪಟ್ಟಿಯಲ್ಲಿ ಒಂದು ಉದಾಹರಣೆ."

ನಮ್ಮ ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ, ನಿಶಾನೆ ಹಾಕಿ ಸಾಕ್ಷ್ಯ ಹಾಜರುಪಡಿಸಿದ, ಆದರೆ ಪ್ರೇಯರ್‌ನಲ್ಲಿ, ಅಂದರೆ ಕೋರ್ಟಿನಿಂದ ಪರಿಹಾರ ಕೋರುವ ಭಾಗದಲ್ಲಿ, ಆ ಜನರಿಗೆ ಏನನ್ನೂ ಕೇಳಲಿಲ್ಲ. ಕೊನೆಗೆ ಬಂದ ಸಂವಿಧಾನದಲ್ಲಿ ಗುಲಾಮ ಎಂಬ ಪದವೇ ಇಲ್ಲ. ಮನುಷ್ಯರಲ್ಲಿ ಆಸ್ತಿ ಇರಬಹುದೆಂಬ ಕಲ್ಪನೆಯನ್ನು ಸಂವಿಧಾನದೊಳಗೆ ಬಿಟ್ಟುಕೊಳ್ಳುವುದು ತಪ್ಪು ಎಂದು ಆಗಸ್ಟ್‌ನಲ್ಲಿ ಇದೇ ಮ್ಯಾಡಿಸನ್ ಅಂದಿದ್ದ. ಪದ ಇಲ್ಲದಿದ್ದರೇನು, ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಕರಾರು ಸೇರಿತು, ದಕ್ಷಿಣದವರಿಗೆ ಹೆಚ್ಚು ಸ್ಥಾನ ಸಿಕ್ಕಿತು.

ಮಾತು ಅಲ್ಲಿಂದ ನಮ್ಮ ಕಡೆಗೆ ತಿರುಗಿತು, ತಿರುಗಿಸಿದ್ದು ನಾನೇ. ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು, 1947ರ ಕೊನೆಗೆ ಅಮೆರಿಕಕ್ಕೆ ಬಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು ಎಂದೆ. ಕರಡಿನಲ್ಲಿದ್ದ 'ಡ್ಯೂ ಪ್ರಾಸೆಸ್' (ನ್ಯಾಯಯುತ ವಿಧಾನವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂಬ ಷರತ್ತು) ಕೈಬಿಡಿ, ಚುನಾಯಿತ ಸಭೆಯ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಹೊಂದದು ಎಂದು ಫ್ರಾಂಕ್‌ಫರ್ಟರ್ ಸಲಹೆ ಕೊಟ್ಟರು. ನಾವು ಬಿಟ್ಟೆವು. ನಾವು ಬಿಟ್ಟ ಆ ಷರತ್ತನ್ನು 1789ರಲ್ಲಿ ಅಮೆರಿಕದ ಹಕ್ಕುಗಳ ಕರಡಿಗೆ ಸೇರಿಸಿದವನು ಈ ಮನೆಯ ಯಜಮಾನನೇ.

ಆಕೆ ರಾವ್ ಅವರ ಹೆಸರನ್ನು ಅಕ್ಷರ ಕೇಳಿಕೊಂಡು ಬರೆದುಕೊಂಡರು. ಆಮೇಲೆ ಅಂದರು: "ಅದೇ ಷರತ್ತನ್ನು 1857ರಲ್ಲಿ, ಬಿಡುಗಡೆ ಕೇಳಿ ಕೋರ್ಟಿಗೆ ಹೋದ ಗುಲಾಮ ಡ್ರೆಡ್ ಸ್ಕಾಟ್‌ನ ಪ್ರಕರಣದಲ್ಲಿ ಗುಲಾಮರ ಒಡೆಯನ ಆಸ್ತಿಹಕ್ಕು ಕಾಯಲು ಬಳಸಿದರು, ಗೊತ್ತಲ್ಲ? ನೀವು ಬಿಟ್ಟದ್ದು ಒಳ್ಳೆಯದಾಯಿತೋ?"

ಹೌದೆನ್ನಲು ಬಾಯಿ ಬರಲಿಲ್ಲ. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ಒಬ್ಬನನ್ನು ಬಂಧನದಲ್ಲಿಡಲು ಶಾಸಕಾಂಗ ಮಾಡಿದ ಕಾರ್ಯವಿಧಾನವಿದ್ದರೆ ಸಾಕು ಎಂದಾಯಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅಕ್ರಮ ಬಂಧನವನ್ನೂ ಪ್ರಶ್ನಿಸುವಂತಿಲ್ಲ ಎಂದಿತು ನ್ಯಾಯಾಲಯ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಎಂದು, ಬಿಟ್ಟದ್ದನ್ನು ಹಿಂಬಾಗಿಲಿನಿಂದ ಕರೆತಂದೆವು. ಇಷ್ಟನ್ನೂ ಹೇಳಿದೆ. "ಹಾಗಾದರೆ ಇಟ್ಟುಕೊಂಡವರೂ ಪೆಟ್ಟು ತಿಂದರು, ಬಿಟ್ಟವರೂ ತಿಂದರು," ಎಂದು ನಕ್ಕು ಎದ್ದರು. ತಂಡ ಬಂದಿತ್ತು.

"ಅಪ್ಪ, ಕೇಸು ಮುಗೀತಾ?" ಎಂದು ಮಗಳು ದೂರದಿಂದ ಕೂಗಿದಳು.

ಮುಗಿದಿರಲಿಲ್ಲ. ಪಾಲ್ ಜೆನ್ನಿಂಗ್ಸ್ ಬಗ್ಗೆ ಓದುವುದಿತ್ತು. 1799ರಲ್ಲಿ ಇಲ್ಲೇ ಗುಲಾಮನಾಗಿ ಹುಟ್ಟಿ, ಮ್ಯಾಡಿಸನ್‌ನ ಸೇವಕನಾಗಿ, 1836ರಲ್ಲಿ ಆತ ಪ್ರಾಣ ಬಿಡುವಾಗ ಹತ್ತಿರವೇ ಇದ್ದವನು. ಮ್ಯಾಡಿಸನ್ ಉಯಿಲಿನಲ್ಲಿ ಒಬ್ಬ ಗುಲಾಮನಿಗೂ ಬಿಡುಗಡೆ ಬರೆಯಲಿಲ್ಲ. ಹೆಂಡತಿ ಡಾಲಿ ಜೆನ್ನಿಂಗ್ಸ್‌ನನ್ನು ಮಾರಿದಳು. 1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಬಿಡಿಸಿದ. ಜೆನ್ನಿಂಗ್ಸ್ ಅದನ್ನು ತಿಂಗಳಿಗೆ 8 ಡಾಲರಿನಂತೆ ದುಡಿದು ತೀರಿಸಿದ. ಡಾಲಿ ಬಡತನಕ್ಕೆ ಬಿದ್ದಾಗ ತನ್ನ ಜೇಬಿನಿಂದ ಆಕೆಗೆ ಆಗಾಗ ಕಾಸು ಕೊಟ್ಟೆನೆಂದು 1865ರಲ್ಲಿ ಅಚ್ಚಾದ ತನ್ನ ನೆನಪುಗಳಲ್ಲಿ ಅವನೇ ಬರೆದಿದ್ದಾನೆ.

ಹೋಗುವವರು ರಸ್ತೆಬದಿಯ ರೈಲು ನಿಲ್ದಾಣವನ್ನೂ ಬಿಡಬೇಡಿ, ಹೆಚ್ಚಿನವರು ನಿಲ್ಲಿಸದೆ ದಾಟುತ್ತಾರೆ. 1910ರದ್ದು. ಬಿಳಿಯರಿಗೊಂದು, ಕರಿಯರಿಗೊಂದು ಕಾಯುವ ಕೋಣೆ, ಇದ್ದ ಹಾಗೆಯೇ ಉಳಿಸಿದ್ದಾರೆ. ಸಮಾನ ರಕ್ಷಣೆಯ ಭರವಸೆ ಕೊಟ್ಟ ಹದಿನಾಲ್ಕನೇ ತಿದ್ದುಪಡಿಗೆ ಆಗಲೇ ನಲವತ್ತೆರಡು ವರ್ಷವಾಗಿತ್ತು.