ಪುಣೆಯ ಪರಿಸರ ಗುಣಮಟ್ಟದ ನಕ್ಷೆ: ನವೆಂಬರ್ ಜೊತೆಗೆ ಏಪ್ರಿಲ್ ಸೇರಿದ ಮೇಲೆ

ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಿಂದ ಪುಣೆಯ ಪರಿಸರ ಗುಣಮಟ್ಟದ ಏರಿಳಿತವನ್ನು ಗುರುತಿಸುವ ನನ್ನ ಹವ್ಯಾಸಿ ಯೋಜನೆ ಈ ತಿಂಗಳು ಒಂದು ಹಂತಕ್ಕೆ ಬಂದಿದೆ. 2009ರಿಂದ 2011 ಮತ್ತು 2021ರಿಂದ 2023, ಹೀಗೆ ಎರಡು ಅವಧಿಗಳ ನವೆಂಬರ್ ಮತ್ತು ಏಪ್ರಿಲ್ ಚಿತ್ರಗಳ ಮಧ್ಯಾಂಕ, ಅಂದರೆ ಸಾಲಿನ ನಡುವಿನ ಅಂಕಿ, ತೆಗೆದು ಎರಡೂ ತಿಂಗಳಿಗೆ ಬೇರೆಬೇರೆ ನಕ್ಷೆ ಸಿದ್ಧಪಡಿಸಿದ್ದೇನೆ. ಒಂದೊಂದೇ ವರ್ಷವನ್ನು ನೆಚ್ಚಿಕೊಳ್ಳದಿರಲು ಕಾರಣ ಮಳೆ. 2018ರಲ್ಲಿ ಮಹಾರಾಷ್ಟ್ರದ ಹಲವು ತಾಲ್ಲೂಕುಗಳಿಗೆ ಬರ ಬಡಿದಿತ್ತು, 2019ರಲ್ಲಿ ನೆರೆ ಬಂತು. ಆ ಎರಡನ್ನು ಹೋಲಿಸಿದರೆ ಕಾಣುವುದು ಮುಂಗಾರಿನ ವ್ಯತ್ಯಾಸವೇ ಹೊರತು ನಗರದ ವ್ಯತ್ಯಾಸವಲ್ಲ.

ಬಳಸಿದ್ದು ಚೀನಾದ ವಿಜ್ಞಾನಿ ಷೂ ಹಾನ್‌ಚಿಯು 2013ರಲ್ಲಿ ರೂಪಿಸಿದ ದೂರಸಂವೇದಿ ಪರಿಸರ ಸೂಚ್ಯಂಕವನ್ನು. ಹಸಿರು, ತೇವ, ಶಾಖ, ಶುಷ್ಕತೆ ಎಂಬ ನಾಲ್ಕು ಅಳತೆಗಳನ್ನು ಪ್ರಧಾನ ಘಟಕ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರದ ವಿಧಾನದ ಮೂಲಕ ಒಂದೇ ಅಂಕಿಯಾಗಿಸುವ ಈ ಕ್ರಮದಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾಹಿತಿಯೇ ನಿರ್ಧರಿಸುತ್ತದೆ. ಆದ್ದರಿಂದ ಪ್ರತಿ ಅವಧಿಗೂ ಬೇರೆಬೇರೆ ಲೆಕ್ಕ ಹಾಕಿದರೆ ಅಳತೆಗೋಲೇ ಬದಲಾಗಿಬಿಡುತ್ತದೆ. ಎಲ್ಲ ಚಿತ್ರಗಳನ್ನೂ ಒಟ್ಟುಗೂಡಿಸಿ ಒಮ್ಮೆ ಮಾತ್ರ ಲೆಕ್ಕ ಹಾಕಿದ್ದೇನೆ. ಕೆರೆ, ನದಿ, ಖಡಕ್‌ವಾಸ್ಲಾ ಜಲಾಶಯಗಳನ್ನು ಮೊದಲೇ ಮರೆಮಾಡಿ ಲೆಕ್ಕದಿಂದ ಹೊರಗಿಟ್ಟಿದ್ದೇನೆ, ಏಕೆಂದರೆ ನೀರು ಸೇರಿಕೊಂಡರೆ ತೇವದ ಅಳತೆ ನೆಲದ ತೇವವನ್ನು ಹೇಳುವುದಿಲ್ಲ.

ನವೆಂಬರ್ ನಕ್ಷೆ ನಿರೀಕ್ಷೆಯಂತೆಯೇ ಬಂದಿದೆ. ನಗರದಂಚಿನ ಹಿಂಜವಡಿ, ಖರಾಡಿ, ವಾಘೋಲಿ, ಉಂಡ್ರಿಗಳ ಸುತ್ತ ಗುಣಮಟ್ಟ ಇಳಿದಿದೆ. ವೇತಾಳ ಟೇಕಡಿ, ತಳಜಾಯಿಗಳ ಗುಡ್ಡಸಾಲು ಬಹುತೇಕ ಉಳಿದುಕೊಂಡಿದೆ. ಏಪ್ರಿಲ್ ನಕ್ಷೆಯೇ ಹೆಚ್ಚು ಯೋಚನೆಗೆ ಹಚ್ಚಿದ್ದು. ಅದರಲ್ಲಿ ಹಳೆಯ ಹೊಲಗಳ ಮೇಲೆ ಎದ್ದ ಬಡಾವಣೆಗಳ ಅಂಕಿ ಕೆಲವೆಡೆ ಏರಿದೆ, ಅಂದರೆ ಬೆಳೆ ಬೆಳೆಯುತ್ತಿದ್ದ ನೆಲ ಕಾಂಕ್ರೀಟಾದ ಮೇಲೆ ಪರಿಸರ ಸುಧಾರಿಸಿದೆ ಎಂದು ಸೂಚ್ಯಂಕ ಹೇಳುತ್ತಿದೆ. ನಮ್ಮ ಮೇಲಿನ ಮನೆಯಲ್ಲಿರುವ, ವಿಜಯಪುರದ ಕಡೆ ಹೊಲ ಮಾಡಿದ ಕಾಕಾ ಅವರಿಗೆ ಪರದೆಯ ಮೇಲೆ ಇದನ್ನು ತೋರಿಸಿದಾಗ ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ತಮ್ಮಾ, ಯುಗಾದಿ ಮುಂದ ಹರಗಿದ ಎರಿ ಹೊಲದಾಗ ಬರಿಗಾಲಲೆ ಒಂದ್ ಗಳಿಗಿ ನಿಂದ್ರು, ಆಮ್ಯಾಲ ಮನಿ ನೆರಳಿಗಿ ಬಾ, ಯಾವುದು ಸುಡತೈತಿ ಗೊತ್ತಾಗತೈತಿ” ಎಂದರು.

ವಿಷಯ ಇರುವುದೇ ಅಲ್ಲಿ. ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತೂವರೆ-ಹನ್ನೊಂದರ ಆಸುಪಾಸಿನಲ್ಲಿ. ಆ ಹೊತ್ತಿಗೆ ಬೆಳೆಯಿಲ್ಲದ ಒಣ ಮಣ್ಣು ಬೇಗ ಕಾದಿರುತ್ತದೆ, ಕಟ್ಟಡಗಳ ಗೋಡೆ ಇನ್ನೂ ಕಾಯುತ್ತಿರುತ್ತದೆ, ಜೊತೆಗೆ ಬೀದಿಮರಗಳ ನೆರಳೂ ಇರುತ್ತದೆ. ಇನ್ನು ಶುಷ್ಕತೆಯ ಅಳತೆಯು ಬರಿ ಮಣ್ಣು ಮತ್ತು ಕಟ್ಟಿದ ನೆಲ ಎರಡರ ಸರಾಸರಿಯಾದ್ದರಿಂದ ಬಿತ್ತನೆಗೆ ಕಾದಿರುವ ಹೊಲವೂ ವಾಹನ ನಿಲ್ಲಿಸುವ ಅಂಗಳವೂ ಅದರ ಕಣ್ಣಿಗೆ ಹತ್ತಿರ ಹತ್ತಿರ ಒಂದೇ. ಒಂದೇ ಋತುವಿನ ನಕ್ಷೆಯನ್ನು ಹಿಡಿದು ದಖ್ಖನಿನ ಯಾವುದೇ ನಗರಕ್ಕೆ ಪರಿಸರದ ಅಂಕ ಕೊಡಬಾರದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ನವೆಂಬರ್‌ನ ಅಂಕಿಯಿಂದ ಏಪ್ರಿಲ್‌ನದನ್ನು ಕಳೆದು ಮೂರನೆಯ ನಕ್ಷೆಯೊಂದನ್ನು ತಯಾರಿಸಿದೆ. ಮಳೆಯಾಶ್ರಿತ ಹೊಲದಲ್ಲೂ ಟೇಕಡಿಯ ಹುಲ್ಲುಗಾವಲಿನಲ್ಲೂ ಈ ಅಂತರ ದೊಡ್ಡದು, ಕಾಂಕ್ರೀಟಿನಲ್ಲಿ ತೀರಾ ಚಿಕ್ಕದು. ಮಾಂಜರಿಯ ಕಬ್ಬಿನ ಗದ್ದೆಗಳಲ್ಲೂ ಅಂತರ ಚಿಕ್ಕದೇ, ಆದರೆ ಅಲ್ಲಿ ಎರಡೂ ತಿಂಗಳ ಅಂಕಿ ಎತ್ತರದಲ್ಲಿರುವುದರಿಂದ ಗೊಂದಲವಾಗುವುದಿಲ್ಲ. ಹೊಲ ಬಡಾವಣೆಯಾದ ಜಾಗಗಳು ಈ ನಕ್ಷೆಯಲ್ಲಿ ಮೊದಲ ಸಲ ಸ್ಪಷ್ಟವಾಗಿ ಎದ್ದು ಕಾಣುತ್ತಿವೆ.

ಹಸಿರಿನ ಬಗ್ಗೆಯೂ ಎಚ್ಚರ ಬೇಕು. ಪಾಷಾಣ ಕೆರೆಯಲ್ಲಿ ಇಲ್ಲಿಯವರು ಜಲಪರ್ಣಿ ಎನ್ನುವ, ನೀರಿನ ಮೇಲೆ ತೇಲುವ ಕಳೆ ಹಬ್ಬಿದರೆ ನೀರಿನ ಮರೆಮಾಚುವಿಕೆಯಿಂದ ತಪ್ಪಿಸಿಕೊಂಡು ಸೊಂಪಾದ ಹಸಿರಾಗಿ ಕಾಣುತ್ತದೆ. ಗುಡ್ಡಗಳಲ್ಲಿ ನೆಟ್ಟ ಗ್ಲಿರಿಸಿಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡ, ಮೂಲದ ಹುಲ್ಲಿಗಿಂತ ಹೆಚ್ಚು ಅಂಕ ಗಳಿಸುತ್ತದೆ. ಕೆರೆಗಳಿಗೆ ಕೈಯಿಂದಲೇ ಗಡಿ ಎಳೆದಿದ್ದೇನೆ. ಗುಡ್ಡಗಳ ವಿಷಯವನ್ನು ನಡೆದು ನೋಡಿಯೇ ತೀರ್ಮಾನಿಸಬೇಕು.

ಮುಂದಿನ ಕೆಲಸ ರಾತ್ರಿಯ ಶಾಖದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2018ರಿಂದ ಇರುವ ಇಕೋಸ್ಟ್ರೆಸ್ ಉಪಕರಣ ದಿನದ ಬೇರೆಬೇರೆ ಹೊತ್ತಿನಲ್ಲಿ ನೆಲದ ಉಷ್ಣತೆ ಅಳೆಯುತ್ತದೆ. ಸೂರ್ಯ ಮುಳುಗಿದ ಮೇಲೆ ಹೊಲ ತಣಿದು ಗೋಡೆ ಕಾದೇ ಇರುವುದರಿಂದ, 2021ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿದ 23 ಹಳ್ಳಿಗಳನ್ನು ಮೊದಲು ಆ ಚಿತ್ರಗಳಲ್ಲಿ ಪರಿಶೀಲಿಸಲಿದ್ದೇನೆ.