ದೋಣಿ ಬಿಡದ ದಿನಗಳ ಮಾನಪತ್ರ

ವಿಶ್ವ ಪ್ರವಾಸೋದ್ಯಮ ದಿನವಾದ ಸೆಪ್ಟೆಂಬರ್ 27ರಂದು ಹಿರಿಯ ಉದ್ಯಮಿಯೊಬ್ಬರನ್ನು ಸನ್ಮಾನಿಸಬೇಕೆಂದು ಕಾರವಾರದ ಕೆಲವರು ನಿಶ್ಚಯಿಸಿದಾಗ, ಮಾನಪತ್ರವನ್ನು ಬರೆದು ಸಭೆಯಲ್ಲಿ ಓದುವ ಕೆಲಸ ಕನ್ನಡ ಅಧ್ಯಾಪಕಿಯಾದ ನನ್ನ ಪಾಲಿಗೆ ಬಂತು. ಕಾಳಿ ನದಿಯ ದಡದಿಂದ ಕೂರ್ಮಗಡ ದ್ವೀಪದತ್ತ ಪ್ರವಾಸಿಗರನ್ನು ಒಯ್ಯುವ ದೋಣಿಗಳನ್ನು ಜೀವಮಾನವಿಡೀ ನಡೆಸಿದ, ದಡದಲ್ಲಿ ಚಿಕ್ಕದೊಂದು ವಸತಿಗೃಹವನ್ನೂ ಕಟ್ಟಿದ ಅವರನ್ನು ಕೋಡಿಬಾಗದಲ್ಲಿ ಎಲ್ಲರೂ ಸಾವ್ಕಾರರೆಂದೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಮಾನಪತ್ರಕ್ಕೆ ಬೇಕಾದ ವಿವರಗಳನ್ನು ಕೇಳಲು ಹಿಂದಿನ ದಿನ ಸಂಜೆ ಅವರ ಮನೆಗೆ ಹೋದೆ. ಎಷ್ಟು ದೋಣಿಗಳಿದ್ದವು, ಯಾವ ಗಣ್ಯರು ಬಂದಿದ್ದರು ಎಂಬ ನನ್ನ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿದ ಅವರು ಕೊನೆಗೆ, "ಅಕ್ಕೋರೇ, ಎಷ್ಟು ಜನರನ್ನು ದಾಟಿಸಿದೆ ಅಂತ ಬರೆಯೋದು ಬೇಡ. ದೋಣಿ ಬಿಡದೇ ಇದ್ದ ದಿನಗಳ ಬಗ್ಗೆ ಬರೀರಿ" ಎಂದರು.

ಅಳಿವೆಯನ್ನು ಬಲ್ಲವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ಜೋಯಿಡಾದ ಕಾಡಿನಿಂದ ಇಳಿದು ಬರುವ ಕಾಳಿ, ಸದಾಶಿವಗಡದ ಕೆಳಗೆ ಅಗಲವಾಗಿ ಹರಡಿ ಸಮುದ್ರವನ್ನು ಸೇರುತ್ತದೆ. ಅಲ್ಲಿ ಮರಳಿನ ದಿಬ್ಬಗಳು ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತವೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆ ನುಗ್ಗುತ್ತಿರುವಾಗಲೇ ಮಧ್ಯಾಹ್ನದ ಪಡುಗಾಳಿ ಸಮುದ್ರದ ಅಲೆಗಳನ್ನು ಒಳಗೆ ತಳ್ಳಿದರೆ, ಎರಡೂ ಎದುರಾದ ಕಡೆ ಅಲೆಗಳು ಒತ್ತೊತ್ತಾಗಿ, ನೆಟ್ಟಗೆ ಏಳುತ್ತವೆ. ಬೆಳಿಗ್ಗೆ ಸುಲಭವಾಗಿ ದಾಟಿದ ದಾರಿ ಸಂಜೆ ಅದೇ ದಾರಿಯಾಗಿರುವುದಿಲ್ಲ. ಭರತದ ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆಯಾದ್ದರಿಂದ, ಗಡಿಯಾರ ನೋಡಿ ದೋಣಿ ಬಿಡುವ ವ್ಯಾಪಾರ ಇಲ್ಲಿ ನಡೆಯದು. ದೋಣಿಯ ಚುಕ್ಕಾಣಿ ಹಿಡಿಯುವ ತಾಂಡೇಲ ಬೇಡವೆಂದರೆ ಮಾಲೀಕ ಬೇಕೆನ್ನಬಾರದು ಎಂಬುದು ಸಾವ್ಕಾರರ ಕಟ್ಟಳೆ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದವರು ಕೋಪಗೊಂಡಾಗಲೂ, ದುಪ್ಪಟ್ಟು ಹಣ ಕೊಡುತ್ತೇವೆಂದಾಗಲೂ ಅವರು ಮುಂಗಡವನ್ನು ಹಿಂದಿರುಗಿಸಿ ಕಳುಹಿಸುತ್ತಿದ್ದರು. ಮಳೆಗಾಲದಲ್ಲಿ ದೋಣಿಗಳು ದಡದ ಮೇಲಿದ್ದಾಗ ತಾಂಡೇಲರಿಗೂ ಖಲಾಸಿಗಳಿಗೂ ಅರ್ಧ ಸಂಬಳ ತಪ್ಪುತ್ತಿರಲಿಲ್ಲ. ಹಾಗಾಗಿಯೇ ಅಳಿವೆಯನ್ನು ಅರಿತ ಅನುಭವಿಗಳು ಅವರನ್ನು ಬಿಟ್ಟು ಹೋಗಲಿಲ್ಲ. ಉದ್ಯಮದ ಜಾಣ್ಮೆ ಎಂದರೆ ಇದೇ ಎಂದು ನಾನು ನಂಬುತ್ತೇನೆ.

2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡ ದುರಂತವನ್ನು ಈ ಊರು ಮರೆತಿಲ್ಲ. ಅದು ಸಾವ್ಕಾರರ ದೋಣಿಯಲ್ಲ. ಆದರೂ ಅದರ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಮಕ್ಕಳ ಮೈಗೆ ಸರಿಹೊಂದುವ ಲೈಫ್ ಜಾಕೆಟ್‌ಗಳ ವಿಷಯಕ್ಕೆ ಬಂದರು: ದೊಡ್ಡವರ ಜಾಕೆಟ್ ತೊಡಿಸಿದರೆ ನೀರಿಗೆ ಬಿದ್ದ ಮಗು ಕೆಳಗಿನಿಂದ ಜಾರಿಹೋಗುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಈ ಮಾತನ್ನು ಮಾನಪತ್ರದಲ್ಲಿ ಅವರು ಹೇಳಿದಂತೆಯೇ ಸೇರಿಸಿದೆ.

ಕಾರವಾರದ ದಡದಲ್ಲಿ ನಿಂತವರಿಗೆ ಕಾಣುವ ದ್ವೀಪಗಳೆಲ್ಲ ಪ್ರವಾಸಿಗರಿಗೆ ತೆರೆದಿಲ್ಲ. ಅಂಜದೀವ ನೌಕಾನೆಲೆಯ ವ್ಯಾಪ್ತಿಯಲ್ಲಿದೆ. 1864ರ ದೀಪಸ್ತಂಭವಿರುವ ದೇವಗಡವನ್ನು ಹೆಚ್ಚಿನವರು ದೂರದಿಂದಲೇ ನೋಡಿ ತೃಪ್ತರಾಗಬೇಕು. ಉಳಿದಿರುವುದು ಸ್ವಲ್ಪವೇ ಆದ್ದರಿಂದ ಅದನ್ನು ಕೆಡಿಸಬಾರದೆಂಬ ಎಚ್ಚರ ಸಾವ್ಕಾರರಿಗೆ ಮೊದಲಿನಿಂದಲೂ ಇತ್ತು. ಪ್ರವಾಸಿಗರು ಒಯ್ದ ಬಾಟಲಿ, ಚೀಲಗಳು ಅದೇ ದೋಣಿಯಲ್ಲಿ ದಡಕ್ಕೆ ಮರಳಬೇಕಿತ್ತು. ಡಾಲ್ಫಿನ್‌ಗಳು ಕಂಡರೆ ಬೆನ್ನಟ್ಟದೆ ಎಂಜಿನ್ ನಿಲ್ಲಿಸಿ ಕಾಯಬೇಕಿತ್ತು.

ಮರುದಿನದ ಸಮಾರಂಭ ಎಲ್ಲ ಸಮಾರಂಭಗಳಂತೆಯೇ ತಡವಾಗಿ ಆರಂಭವಾಯಿತು. ಶಾಲು, ಹಾರ, ಫಲತಾಂಬೂಲಗಳಾದ ಮೇಲೆ ನಾನು ಮಾನಪತ್ರವನ್ನು ಓದಿದೆ. ಸಾವ್ಕಾರರ ಇಚ್ಛೆಯಂತೆ ಅವರ ತಾಂಡೇಲರ ಹೆಸರುಗಳನ್ನೂ, ತೀರಿಕೊಂಡವರನ್ನು ಬಿಡದೆ, ಒಂದೊಂದಾಗಿ ಹೇಳಿದೆ. ಪ್ರತಿ ಹೆಸರಿಗೂ ಹಿಂದಿನ ಸಾಲುಗಳಿಂದ ಚಪ್ಪಾಳೆ ಬಂತು. ವೇದಿಕೆಯ ಮೇಲಿನವರಿಗೆ ಅದು ದೀರ್ಘವೆನಿಸಿರಬಹುದು. ಒಬ್ಬ ಉದ್ಯಮಿಯನ್ನು ಗೌರವಿಸುವಾಗ ಅವನ ಮಾತನ್ನು ನಂಬಿ ಕಡಲಿಗಿಳಿದವರನ್ನೂ, ಬೇಡವೆಂದು ಅವನನ್ನು ತಡೆದವರನ್ನೂ ಹೆಸರಿಸಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರವಾಗಿ ಸಾವ್ಕಾರರು ಹೆಚ್ಚು ಮಾತನಾಡಲಿಲ್ಲ. ತಮಗೆ ಅರ್ಪಿಸಿದ ನಿಧಿಯಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳನ್ನು ಕೊಂಡು, ತಮ್ಮ ದೋಣಿಗಳಿಗಷ್ಟೇ ಅಲ್ಲದೆ ಅಳಿವೆಯಲ್ಲಿ ಪ್ರವಾಸಿಗರನ್ನು ಒಯ್ಯುವ ಉಳಿದ ದೋಣಿಗಳಿಗೂ ಹಂಚಬೇಕೆಂದು ಕೇಳಿಕೊಂಡರು. ಹೊಸ ಋತು ಆರಂಭವಾಗುತ್ತಿರುವುದರಿಂದ ಇದು ವಾರದೊಳಗೆ ಆಗಬೇಕೆಂದೂ ಸೇರಿಸಿದರು. ಸಂಘಟಕರು ವೇದಿಕೆಯ ಮೇಲೆಯೇ ಒಪ್ಪಿಕೊಂಡು, ದೋಣಿಗಳ ಪಟ್ಟಿ ತಯಾರಿಸುವ ಹೊಣೆಯನ್ನು ಹಿರಿಯ ತಾಂಡೇಲರೊಬ್ಬರಿಗೆ ವಹಿಸಿದರು.