‘ಎಲ್ಲ ದಾಖಲೆ ಕೊಡಿ’ ಎಂದರೆ ಸಿಗುವುದು ಹಿಂಬರಹ ಮಾತ್ರ

ಆನೇಕಲ್ ತಾಲ್ಲೂಕಿನ ಜಿಗಣಿ, ಹೆಬ್ಬಗೋಡಿ, ಚಂದಾಪುರ, ಅತ್ತಿಬೆಲೆ ಕಡೆ ಸೈಟಿನ ಹಳೆಯ ದಾಖಲೆ ತೆಗೆಸುವುದೇ ಒಂದು ಕಸುಬು. ಈ ಕಸುಬಿನಲ್ಲಿ ಇರುವವರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಅರ್ಜಿ ಇದು: ‘ಸರ್ವೆ ನಂ. 45/2ಕ್ಕೆ ಸಂಬಂಧಪಟ್ಟ ಎಲ್ಲ ದಾಖಲೆಗಳ ನಕಲು ಕೊಡಿಸಬೇಕಾಗಿ ಕೋರಿಕೆ.’ ತಿಂಗಳಾದ ಮೇಲೆ ಬರುವುದು ‘ನಿರ್ದಿಷ್ಟ ದಾಖಲೆ ಕೋರಿರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ. ವಿಷಯ ನಿರ್ವಾಹಕರನ್ನು ಬೈದು ಫಲವಿಲ್ಲ. ರೆಕಾರ್ಡ್ ರೂಮಿನಲ್ಲಿ 45/2 ಎಂಬ ಹೆಸರಿನ ಕಟ್ಟೇ ಇರುವುದಿಲ್ಲ. ಪಹಣಿ ಪುಸ್ತಕ ಊರು ಮತ್ತು ವರ್ಷದ ಲೆಕ್ಕದಲ್ಲಿ, ಮ್ಯುಟೇಷನ್ (ಹಕ್ಕು ಬದಲಾವಣೆ) ಎಂಆರ್, ಅಂದರೆ ಮ್ಯುಟೇಷನ್ ರಿಜಿಸ್ಟರ್ ನಂಬರಿನಲ್ಲಿ, ಕ್ರಯಪತ್ರ ದಸ್ತಾವೇಜು ಸಂಖ್ಯೆಯಲ್ಲಿ, ಭೂಪರಿವರ್ತನೆ ಕಡತ ಎಎಲ್‌ಎನ್ ನಂಬರಿನಲ್ಲಿ ಕೂತಿರುತ್ತವೆ. ಒಂದು ಕಾಗದದಿಂದ ಮುಂದಿನ ಕಾಗದದ ನಂಬರು ಎತ್ತಿಕೊಳ್ಳುತ್ತಾ ಹೋಗಬೇಕು. ನಂಬರು ಕೈಗೆ ಬಂದರೆ ಅರ್ಜಿಗೆ ಮೂರು ಸಾಲು ಸಾಕು.

ಶುರು ಮಾಡಬೇಕಾದ್ದು ಪಹಣಿಯಿಂದ. ಊರು ಪುರಸಭೆಯೋ ನಗರಸಭೆಯೋ ಆಗಿದ್ದರೂ ಪಹಣಿ ತಾಲ್ಲೂಕು ಕಚೇರಿಯದ್ದೇ. ಭೂಮಿ ತಂತ್ರಾಂಶದ ಪಹಣಿಯಲ್ಲಿ ಹೆಸರು ನೋಡಿ ಮಡಚಿಡುವವರೇ ಜಾಸ್ತಿ. ಕೆಲಸಕ್ಕೆ ಬರುವುದು ಹೆಸರಿರುವ 9ನೇ ಕಾಲಂ ಅಲ್ಲ, ಅದರ ಪಕ್ಕದ 10 ಮತ್ತು 11. ಹತ್ತನೆಯದರಲ್ಲಿ ಜಮೀನು ಬಂದ ಬಗೆ ಇರುತ್ತದೆ: ಎಂಆರ್ 12/1986-87 ಅಂತಲೋ, ಐಎಚ್‌ಸಿ ಅಂತಲೋ, ಎಲ್‌ಆರ್‌ಎಫ್ ಅಥವಾ ಎಲ್‌ಎನ್‌ಡಿ ಅಂತಲೋ. ಐಎಚ್‌ಸಿ ಎಂದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರಿಗೆ ಬಂದದ್ದು, ಹಾಗಾಗಿ ವಂಶವೃಕ್ಷ ಕೇಳಬೇಕು. ಎಲ್‌ಆರ್‌ಎಫ್ ಎಂದರೆ ಗೇಣಿದಾರರ ಅರ್ಜಿ ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ಕಡತ. ಎಲ್‌ಎನ್‌ಡಿ ಕಂಡರೆ ಅಲ್ಲೇ ನಿಲ್ಲಿ. ಅದು ಸರ್ಕಾರ ಮಂಜೂರು ಮಾಡಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿ, ಮುಂದೆ ಸರ್ಕಾರದ ಅನುಮತಿ ಇಲ್ಲದೆ ಕೈಬದಲಾಗಿದ್ದರೆ ಇಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬಂದು ಬಾಗಿಲು ತಟ್ಟುತ್ತದೆ. 11ನೇ ಕಾಲಮಿನಲ್ಲಿ ಸಾಲ, ತಡೆಯಾಜ್ಞೆ ಇರುತ್ತವೆ. 3ನೇ ಕಾಲಮಿನ ಖರಾಬನ್ನೂ ಬಿಡಬೇಡಿ. ‘ಎ’ ಖರಾಬು ಸಾಗುವಳಿಗೆ ಬಾರದ ಜಾಗ, ‘ಬಿ’ ಖರಾಬು ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕರದ್ದು. ಲೇಔಟಿನಲ್ಲಿ ‘ಬಿ’ ಖರಾಬಿನ ಮೇಲೆ ಸೈಟು ಬಿದ್ದಿದ್ದರೆ ಯಾವ ಕ್ರಯಪತ್ರವೂ ಅದನ್ನು ಉಳಿಸುವುದಿಲ್ಲ.

ಕಂಪ್ಯೂಟರ್ ಪಹಣಿ ಸಿಗುವುದು 2000–02ರ ಸುಮಾರಿನಿಂದ ಈಚೆಗೆ. ಅದಕ್ಕೂ ಹಿಂದಿನದು ಕೈಬರಹ, ಸಾಮಾನ್ಯವಾಗಿ ಐದು ವರ್ಷಕ್ಕೆ ಒಂದು ಹಾಳೆ. ‘1970ರಿಂದ ಪಹಣಿ’ ಎನ್ನುವ ಬದಲು ‘ಇಂಥ ಹೋಬಳಿ, ಇಂಥ ಗ್ರಾಮ, ಸ.ನಂ. 45/2, 1969-70ರಿಂದ 1999-2000ರವರೆಗಿನ ಕೈಬರಹದ ಪಹಣಿ’ ಎಂದು ಬರೆಯಿರಿ. ಕಸಬಾ, ಅತ್ತಿಬೆಲೆ, ಜಿಗಣಿ, ಸರ್ಜಾಪುರ ಎಂದು ನಾಲ್ಕು ಹೋಬಳಿ ಇರುವ ತಾಲ್ಲೂಕಿನಲ್ಲಿ ಹೋಬಳಿ ಬರೆಯದ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಪೋಡಿ ಆಗುವ, ಅಂದರೆ ಸರ್ವೆ ನಂಬರು ಒಡೆದು ಉಪನಂಬರು ಕೊಡುವ ಮುಂಚೆ 45/2 ಎಂಬ ನಂಬರೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಆಗಿನ ಪಹಣಿ ಬರೀ 45ರಲ್ಲಿ ಇರುತ್ತದೆ. ಪೋಡಿ 1985ರಲ್ಲಿ ಆಗಿದ್ದು, ಎರಡೂ ನಂಬರು ಬರೆಯದಿದ್ದರೆ ‘1985ಕ್ಕಿಂತ ಹಿಂದೆ ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಐಎಲ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕ ಕೇಳಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ, ಆದ್ದರಿಂದ ಕೌಂಟರಿಗೆ ಹೋಗುವ ಮುನ್ನ ಆನ್‌ಲೈನಿನಲ್ಲಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಎರಡನೆಯ ಬಾಗಿಲು ಸಬ್ ರಿಜಿಸ್ಟ್ರಾರ್ ಕಚೇರಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ಸಿಗುವುದು 2004ರ ಏಪ್ರಿಲ್ 1ರಿಂದ ಈಚೆಗಿನದು. ಹಿಂದಿನದಕ್ಕೆ ಕೈಯಾರೆ ಶೋಧನೆ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನಮೂನೆ 16 ಬಂದಾಗ ‘ಕ್ಲೀನ್ ಇದೆ’ ಎಂದು ಸಿಹಿ ಹಂಚುವವರಿದ್ದಾರೆ. ಆ ಕಾಗದ ಹೇಳುವುದು ಇಷ್ಟೇ: ನೀವು ಕೊಟ್ಟ ವಿವರಕ್ಕೆ ಹೊಂದುವ ನಮೂದು ಸಿಗಲಿಲ್ಲ. 2009ರ ಪತ್ರದಲ್ಲಿ ‘45/2ಎ’ ಅಂತ ಟೈಪಾಗಿದ್ದರೆ 45/2ರ ಶೋಧನೆಯಲ್ಲಿ ಅದು ಬಾರದೆ ಹೋಗಬಹುದು. ಗ್ರಾಮಠಾಣಾದ, ಅಂದರೆ ಊರೊಳಗಿನ ವಾಸದ ಜಾಗದ ಮನೆಗಳಿಗಂತೂ ಸರ್ವೆ ನಂಬರೇ ಇಲ್ಲ, ಖಾತೆ ನಂಬರು ಮತ್ತು ಚೆಕ್ಕುಬಂದಿಯಿಂದಲೇ ಹುಡುಕಬೇಕು. ಅದಕ್ಕೇ ಒಂದೇ ಆಸ್ತಿಗೆ ಮೂರು ಬಗೆಯಲ್ಲಿ ಇಸಿ ತೆಗೆಸುತ್ತೇವೆ: ಹಳೆ ನಂಬರು, ಹೊಸ ನಂಬರು, ಮಾರಿದವರ ಹೆಸರು.

ನೋಂದಣಿ ಕಾಯ್ದೆ 1908ರ 57ನೇ ಕಲಂ ಇಲ್ಲಿ ಆಸರೆ. 1ನೇ ಪುಸ್ತಕ ಸ್ಥಿರಾಸ್ತಿಯದ್ದು. ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನೂ ಅದರ ಸೂಚಿಗಳನ್ನೂ ನೋಡಬಹುದು, ನಕಲು ಪಡೆಯಬಹುದು. ಸೂಚಿ 1 ಹೆಸರಿನ ಮೇಲೆ, ಸೂಚಿ 2 ಆಸ್ತಿಯ ಮೇಲೆ. ಉಯಿಲು ಇರುವ 3ನೇ ಪುಸ್ತಕ, ಜಿಪಿಎ (ಅಧಿಕಾರಪತ್ರ) ಅಂಥವು ಸೇರುವ 4ನೇ ಪುಸ್ತಕ ಹಾಗಲ್ಲ. ಉಯಿಲಿನ ನಕಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ, ತೀರಿಕೊಂಡ ಮೇಲೆ ಯಾರು ಕೇಳಿದರೂ ಸಿಗುತ್ತದೆ. 4ನೇ ಪುಸ್ತಕದ ನಕಲು ಸಂಬಂಧಪಟ್ಟವರಿಗೆ ಮಾತ್ರ. ಜಿಪಿಎ ಮೇಲೆ ಮಾರಾಟವಾಗಿದ್ದರೆ ಅದರ ನಕಲನ್ನು ಮಾರುವವರಿಂದಲೇ ತರಿಸಿ, ಇಸಿಯಲ್ಲಿ ಕಾಯುತ್ತಾ ಕೂರಬೇಡಿ. ಹಳೆಯ ಪತ್ರದ ನಕಲು ಕೇಳುವಾಗ ದಸ್ತಾವೇಜು ಸಂಖ್ಯೆ, ವರ್ಷ, ಪುಸ್ತಕ, ಸಂಪುಟ, ಪುಟ ಐದನ್ನೂ ಬರೆಯಿರಿ. ಕಂಪ್ಯೂಟರ್ ಬಂದ ಮೇಲಿನ ಪತ್ರಗಳಿಗೆ ಸಂಪುಟದ ಬದಲು ಸಿಡಿ ನಂಬರು. ಜೊತೆಗೆ ಕಚೇರಿಯ ಹೆಸರು. ದೊಡ್ಡ ಕಚೇರಿಯೊಂದು ಒಡೆದು ಹೊಸದು ಶುರುವಾದರೂ ಹಳೆಯ ಸಂಪುಟಗಳು ಸಾಮಾನ್ಯವಾಗಿ ಮೂಲ ಕಚೇರಿಯಲ್ಲೇ ಉಳಿದಿರುತ್ತವೆ.

ಸರ್ವೆ ದಾಖಲೆಗೆ ಬೇರೆಯದೇ ಭಾಷೆ. ಎಡಿಎಲ್ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯಲ್ಲಿ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಹಿಸ್ಸಾ (ಉಪಭಾಗದ) ನಕ್ಷೆ, ಗ್ರಾಮನಕ್ಷೆ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಪಹಣಿಯ ವಿಸ್ತೀರ್ಣಕ್ಕೂ ಆಕಾರ್‌ಬಂದ್‌ಗೂ ತಾಳೆಯಾಗದಿದ್ದರೆ ಮುಂದೆ ಜಮೀನಿನ ಭಾಗ ಮಾರುವ ಮುನ್ನ ಮಾಡಿಸುವ 11ಇ ನಕ್ಷೆ ನಿಲ್ಲುವುದು ಅಲ್ಲೇ. ಹಳೆಯ ಟಿಪ್ಪಣಿಯ ಅಳತೆ ಚೈನು-ಆಣೆಯಲ್ಲಿರುತ್ತದೆ. ಒಂದು ಚೈನು 33 ಅಡಿ, 16 ಆಣೆ. ಒಂದು ಚದರ ಚೈನು ಎಂದರೆ 1,089 ಚದರಡಿ, ಅದೇ ಒಂದು ಗುಂಟೆ. ಈ ಹೊಂದಾಣಿಕೆ ಗೊತ್ತಿದ್ದರೆ ಕೂತಲ್ಲೇ ತಾಳೆ ನೋಡಬಹುದು. ಆಯತಾಕಾರದ ತುಂಡಿನ ಉದ್ದ 12 ಚೈನು 8 ಆಣೆ, ಅಗಲ 6 ಚೈನು 4 ಆಣೆ ಇದ್ದರೆ 12.5 × 6.25 = 78.125 ಗುಂಟೆ. ಅಂದರೆ 1 ಎಕರೆ 38 ಗುಂಟೆ 2 ಆಣೆ. ಪಹಣಿಯಲ್ಲಿ 2 ಎಕರೆ 10 ಗುಂಟೆ ಅಂತಿದ್ದರೆ ಆ ಸುಮಾರು ಹನ್ನೆರಡು ಗುಂಟೆ ಎಲ್ಲಿಂದ ಬಂತು ಎಂದು ಈಗಲೇ ಕೇಳಬೇಕು, ಅಡ್ವಾನ್ಸ್ ಕೊಟ್ಟ ಮೇಲಲ್ಲ. ಜಮೀನು ಆಯತಾಕಾರದಲ್ಲಿ ಇಲ್ಲದಿದ್ದರೆ ಲೆಕ್ಕ ಇಷ್ಟು ಸುಲಭವಲ್ಲ, ಸರ್ವೆಯರ ಹತ್ತಿರ ಹೋಗಿ.

ಬೆಳೆಯುತ್ತಿರುವ ಊರುಗಳ ದೊಡ್ಡ ತಲೆನೋವು ಖಾತೆ. ಹೆಬ್ಬಗೋಡಿ, ಜಿಗಣಿ ಎಲ್ಲ ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿ. ಆಗಿನ ಖಾತೆ ನಂಬರು ಬೇರೆ, ಈಗಿನ ಇ-ಆಸ್ತಿಯ ಸಂಖ್ಯೆ ಬೇರೆ. ಮನೆ, ಸೈಟಿನ ತೆರಿಗೆ ಬರೆದಿಡುವ ಹಳೆಯ ಡಿಮ್ಯಾಂಡ್ ರಿಜಿಸ್ಟರು ಹೊಸ ಕಚೇರಿಗೆ ಬಂದಿದೆಯೋ, ಹಳೆಯ ಕಟ್ಟಡದ ಬೀರುವಿನಲ್ಲೇ ಇದೆಯೋ ಎಂದು ಕೌಂಟರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊದಲು ಕೇಳಬೇಕಾದ್ದು ಖಾತೆಯನ್ನಲ್ಲ, ಪಂಚಾಯಿತಿಯಿಂದ ದಾಖಲೆ ವಹಿಸಿಕೊಂಡ ಹಸ್ತಾಂತರ ಪಟ್ಟಿಯನ್ನು. ರಿಜಿಸ್ಟರು ಆ ಪಟ್ಟಿಯಲ್ಲಿದ್ದರೆ ‘ನಮ್ಮಲ್ಲಿ ಇಲ್ಲ’ ಎನ್ನಲು ದಾರಿಯಿಲ್ಲ.

ಇಂಥ ಕಡೆಯೇ ಮಾಹಿತಿ ಹಕ್ಕು ಬಳಸಬೇಕು. ನಕಲು ಅರ್ಜಿಯಲ್ಲಿ ಸಿಗುವ ಪಹಣಿಗೆ ಆರ್‌ಟಿಐ ಹಾಕುವುದು ಕಾಲಹರಣ. ‘ನಿಗದಿತ ಶುಲ್ಕ ಕಟ್ಟಿ ಪಡೆಯಿರಿ’ ಎಂದೇ ಉತ್ತರ ಬರುವುದು ರೂಢಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ನನ್ನ ಖಾತೆ ಯಾಕೆ ಮಾಡಿಲ್ಲ?’ ಎಂಬುದು ಮಾಹಿತಿ ಅಲ್ಲ, ಜಗಳ. ‘ದಿನಾಂಕ ಇಂಥದ್ದರ ಟಪಾಲು ಸಂಖ್ಯೆ ಇಂಥ ಅರ್ಜಿಯ ಕಡತದ ಟಿಪ್ಪಣಿ ಭಾಗ ಮತ್ತು ಪತ್ರವ್ಯವಹಾರ ಭಾಗ ಎರಡನ್ನೂ 2(ಜೆ) ಅಡಿ ಪರಿಶೀಲಿಸಲು ಅವಕಾಶ ಕೊಡಿ, ಗುರುತಿಸಿದ ಪುಟಗಳ ದೃಢೀಕೃತ ನಕಲು ಕೊಡಿ’ ಎಂದು ಬರೆದರೆ ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಟಿಪ್ಪಣಿ ಹಾಳೆಯ ಸಹಿಗಳಲ್ಲೇ ಕಾಣುತ್ತದೆ. ಬೇರೆ ಕಚೇರಿಗೆ ಸೇರಿದ್ದಾದರೆ 6(3) ಪ್ರಕಾರ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. ಮೂವತ್ತು ದಿನ ಕಳೆದರೆ ನಕಲು ಉಚಿತ, ಮೊದಲ ಮೇಲ್ಮನವಿಗೆ ಇನ್ನೊಂದು 30 ದಿನ. ಹೆಚ್ಚುವರಿ ಶುಲ್ಕ ಕಟ್ಟಿ ಎಂದು ಪತ್ರ ಬಂದ ದಿನದಿಂದ ನೀವು ಕಟ್ಟುವ ದಿನದವರೆಗೆ ಆ ಮೂವತ್ತರ ಲೆಕ್ಕ ನಿಂತಿರುತ್ತದೆ. ಇದು ಗೊತ್ತಿಲ್ಲದೆ ಬೇಗನೆ ಮೇಲ್ಮನವಿ ಹಾಕಿ ವಜಾ ಮಾಡಿಸಿಕೊಂಡವರು ಬೇಕಾದಷ್ಟು.

‘ಕಡತ ಲಭ್ಯವಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ, ಲಿಖಿತ ಹಿಂಬರಹ ಪಡೆಯಿರಿ. ಕಡತ ಸಿಗದಿರುವುದು ಆರ್‌ಟಿಐ 8ನೇ ಕಲಮಿನ ವಿನಾಯಿತಿಗಳ ಪಟ್ಟಿಯಲ್ಲಿ ಇಲ್ಲ. ಆಮೇಲೆ ಅದೇ ಕಾಗದ ಇನ್ನೆಲ್ಲಿ ಇರಬಹುದು ನೋಡಿ. ಕ್ರಯಪತ್ರದ ಸಂಪುಟ ಗೆದ್ದಲು ಹಿಡಿದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಾಲ್ಲೂಕು ಕಚೇರಿಗೆ ನೋಂದಣಿಯ ವಿಷಯ ತಿಳಿಸಲು ಹೋದ ಜೆ ಸ್ಲಿಪ್ ಮ್ಯುಟೇಷನ್ ಕಡತದಲ್ಲಿರುತ್ತದೆ. ಹಳೆಯ ಪಹಣಿ ಶಿಥಿಲವಾಗಿದ್ದರೆ ಅದರ ದೃಢೀಕೃತ ನಕಲು ಜಿಲ್ಲಾಧಿಕಾರಿ ಕಚೇರಿಯ ಭೂಪರಿವರ್ತನೆ ಕಡತದಲ್ಲಿ ಸಿಗುವುದುಂಟು. ಆದೇಶ 1986ಕ್ಕಿಂತ ಹಿಂದಿನದಾಗಿದ್ದರೆ ಅದು ಬೆಂಗಳೂರು ನಗರ, ಗ್ರಾಮಾಂತರ ಎಂದು ಜಿಲ್ಲೆ ಒಡೆಯುವ ಮುಂಚಿನ ಕಡತ. ಅರ್ಜಿಯಲ್ಲಿ ಆದೇಶದ ತಾರೀಖನ್ನು ತಪ್ಪದೆ ಬರೆದು, ಟಪಾಲಿನಲ್ಲಿ ಸೀಲು ಹಾಕಿಸಿಕೊಂಡು ಬನ್ನಿ.